ಮುದ್ರೆ: ತೆರೆಯದೆ ನಂಬುವ ಬಗೆ

ಕಂಟೈನರಿನ ಹಿಂಬಾಗಿಲು ಮುಚ್ಚಿ, ಸರಳಿನ ಹಿಡಿಯನ್ನು ಕೊಂಡಿಯಲ್ಲಿ ಕೂರಿಸಿದ ಮೇಲೆ, ಆ ಕೊಂಡಿಯ ತೂತಿನೊಳಗೆ ಬೆರಳುದ್ದದ ಒಂದು ಉಕ್ಕಿನ ಬೋಲ್ಟ್ ತೂರಿಸುತ್ತಾರೆ. ಇನ್ನೊಂದು ಬದಿಯಿಂದ ದಪ್ಪ ತಲೆಯನ್ನು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಅದಕ್ಕೆ ಕೀಲಿಕೈ ಎಂಬುದಿಲ್ಲ. ತೆಗೆಯಬೇಕೆಂದರೆ ಉದ್ದ ಹಿಡಿಕೆಯ ಕಟರಿನಿಂದ ಕತ್ತರಿಸಬೇಕು. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಕಾಗದಪತ್ರಗಳಲ್ಲಿ ಇದರ ಹೆಸರು ಬೋಲ್ಟ್ ಸೀಲ್. ನಮ್ಮ ಬಂದರು, ಡಿಪೊಗಳ ಮಾತಿನಲ್ಲಿ ಬಾಟಲ್ ಸೀಲ್. ಮೈಮೇಲೆ ಕೆತ್ತಿದ ಸಂಖ್ಯೆಯ ಜೊತೆಗೆ ‘ಎಚ್’ ಎಂಬ ಅಕ್ಷರವಿದ್ದರೆ ಅದು ಐಎಸ್‌ಒ 17712 ಮಾನಕದ ಅತಿಭದ್ರ ದರ್ಜೆಯದು, ಸುಮಾರು ಒಂದು ಟನ್ ಬಲದ ಎಳೆತಕ್ಕೂ ಬಿಟ್ಟುಕೊಡದ್ದು ಎಂದು ತಿಳಿಯಬೇಕು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಕಟ್ಟಬೇಕಾಗಿಲ್ಲ. ಇದು ಮುದ್ರೆ.

ಬಂದರಿನಲ್ಲಿ ತಪಾಸಣೆ ಚುರುಕಾಗಬೇಕು ಎಂಬ ಮಾತು ಬಂದಾಗಲೆಲ್ಲ ಯಂತ್ರಗಳ ಹೆಸರೇ ಮೊದಲು ಕೇಳಿಬರುತ್ತದೆ. ಆದರೆ ಒಂದು ದೊಡ್ಡ ಹಡಗಿನಿಂದ ಸಾವಿರಾರು ಕಂಟೈನರುಗಳು ಇಳಿಯುವಾಗ ಯಾವುದನ್ನು ತೆರೆಯಬೇಕು ಎಂಬುದಕ್ಕಿಂತ ಯಾವುದನ್ನು ತೆರೆಯದೆ ಬಿಡಬಹುದು ಎಂಬುದೇ ದೊಡ್ಡ ಪ್ರಶ್ನೆ. ತೆರೆಯುವುದೆಂದರೆ ಬಾಗಿಲು ಸರಿಸಿ ಇಣುಕುವುದಲ್ಲ. ಇಪ್ಪತ್ತು ಅಡಿಯ ಕಂಟೈನರನ್ನು ಯಾರ್ಡಿನಲ್ಲಿ ಬೇರೆ ಮಾಡಿ, ಲಾರಿಗೆ ಏರಿಸಿ, ಶೆಡ್ಡಿಗೆ ತಂದು, ಹಮಾಲರು ಮಾಲನ್ನು ಇಳಿಸಿ, ಅಧಿಕಾರಿ ನೋಡಿ, ಮತ್ತೆ ಅದೇ ಕ್ರಮದಲ್ಲಿ ತುಂಬಬೇಕು. ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹೋಗುತ್ತದೆ. ಬಾಡಿಗೆ, ತಡವಾದುದಕ್ಕೆ ಕಟ್ಟುವ ಡೆಮರೇಜ್, ಕೂಲಿ ಎಲ್ಲವೂ ಮಾಲಿನ ಮೇಲೆ ಬೀಳುತ್ತವೆ. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲದಲ್ಲಿ ಹೋಗುವ ಕಾಫಿಯನ್ನು ನೆನೆಯಿರಿ. ಕ್ಯೂರಿಂಗ್‌ನಲ್ಲಿ ಲೆಕ್ಕ ಹಾಕಿ ಒಣಗಿಸಿದ ಬೀಜ, ಕರಾವಳಿಯ ಜುಲೈ ಗಾಳಿಗೆ ಬಾಗಿಲು ತೆರೆದಿಟ್ಟರೆ ತೇವ ಎಳೆದುಕೊಳ್ಳುತ್ತದೆ. ತಪಾಸಣೆಯೇ ಮಾಲನ್ನು ಕೆಡಿಸಬಾರದಲ್ಲ! ಹಾಗಾಗಿ ತೆರೆಯದೆಯೇ ನಂಬುವ ಒಂದು ದಾರಿ ಬೇಕು. ಆ ದಾರಿಗೆ ಮನುಷ್ಯ ಬಹಳ ಹಿಂದೆಯೇ ಮುದ್ರೆ ಎಂಬ ಹೆಸರಿಟ್ಟಿದ್ದಾನೆ.

ಸಂಸ್ಕೃತದ ‘ಮುದ್ರಾ’ ಕನ್ನಡಕ್ಕೆ ಬಂದಾಗ ಶಾಲಾ ಶಾಲೆಯಾದಂತೆ ಮುದ್ರೆಯಾಯಿತು. ‘ಮುದ್’ ಎಂದರೆ ಸಂತೋಷ, ದೇವತೆಗಳಿಗೆ ಸಂತೋಷ ಕೊಡುವುದರಿಂದ ಮುದ್ರಾ ಎಂದು ತಂತ್ರಗ್ರಂಥಗಳ ನಿರುಕ್ತಿ. ಅದು ಪೂಜೆಯ ಕೈಮುದ್ರೆಗೆ ಹೊಂದಿಸಿ ಹೇಳಿದ ಅರ್ಥ ಎಂದೇ ನನಗೆ ತೋರುತ್ತದೆ. ಒತ್ತಿ ಗುರುತು ಮೂಡಿಸುವ ವಸ್ತು ಎಂಬ ಅರ್ಥಕ್ಕೂ ಸಂತೋಷಕ್ಕೂ ನೇರ ನಂಟು ಕಾಣುವುದಿಲ್ಲ. ಭಾಷಾವಿಜ್ಞಾನಿಗಳು ನೋಡುವುದು ಇರಾನಿನ ಕಡೆಗೆ. ಪಾರಸಿಯ ‘ಮುಹ್ರ್’ ಎಂಬ ಪದ ಮುದ್ರಾ ಪದದ ಒಡಹುಟ್ಟು. ‘ದ್ರ’ ಎಂಬ ಜೋಡಿ ಅಲ್ಲಿ ಸವೆದು ‘ಹ್ರ’ ಆಗಿದೆ. ಅದಕ್ಕೂ ಹಿಂದೆ ಈ ಪದ ಪಶ್ಚಿಮ ಏಷ್ಯಾದ ಯಾವುದೋ ನಾಡಿನಿಂದ ಬಂದಿರಬೇಕೆಂದು ಊಹಿಸಿದವರಿದ್ದಾರೆ, ಅದು ಎಲ್ಲರೂ ಒಪ್ಪಿದ ಮಾತಲ್ಲ. ಆ ‘ಮುಹ್ರ್’ ಆಡಳಿತದ ಪಾರಸಿಯ ಜೊತೆಗೆ ನಮ್ಮಲ್ಲಿಗೂ ಬಂದು ‘ಮೊಹರು’ ಆಯಿತು. ಇವತ್ತಿಗೂ ಸರ್ಕಾರಿ ಅರ್ಜಿಯ ಕೆಳಗೆ ‘ಸಹಿ ಮತ್ತು ಮೊಹರು’ ಎಂದು ಅಚ್ಚಾಗಿರುತ್ತದೆ. ಒಂದೇ ಬೇರಿನ ಎರಡು ಪದ, ಒಂದು ಸಂಸ್ಕೃತದ ದಾರಿಯಿಂದ, ಇನ್ನೊಂದು ಪಾರಸಿಯ ದಾರಿಯಿಂದ ಬಂದು ಕನ್ನಡದ ಒಂದೇ ಕಚೇರಿಯಲ್ಲಿ ಕೂತಿವೆ.

ಪದಕ್ಕಿಂತ ವಸ್ತು ಹಳೆಯದು. ಸಿಂಧೂ ನಾಗರಿಕತೆಯ ನೆಲೆಯಾದ ಗುಜರಾತಿನ ಲೋಥಲ್‌ನಲ್ಲಿ 1950ರ ದಶಕದಲ್ಲಿ ಉತ್ಖನನ ನಡೆಸಿದವರು ಕನ್ನಡಿಗರಾದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಅಲ್ಲಿನ ಇಟ್ಟಿಗೆಯ ದೊಡ್ಡ ಕಟ್ಟೆ ಹಡಗುಕಟ್ಟೆಯೋ ಕೆರೆಯೋ ಎಂಬ ವಾದ ಇನ್ನೂ ನಿಂತಿಲ್ಲ. ಪಕ್ಕದ ಉಗ್ರಾಣದಲ್ಲಿ ಸಿಕ್ಕಿದ್ದು ಮಾತ್ರ ಮನಸ್ಸು ಸೆಳೆಯುತ್ತದೆ: ಅರವತ್ತಕ್ಕೂ ಹೆಚ್ಚು ಮಣ್ಣಿನ ಮುದ್ರೆಗಳು. ಒಂದು ಮುಖದಲ್ಲಿ ಸಿಂಧೂ ಮುದ್ರೆಯ ಗುರುತು. ತಿರುಗಿಸಿ ಹಿಂಬದಿ ನೋಡಿದರೆ ಜೊಂಡಿನ ಚಾಪೆಯ, ನೇಯ್ದ ಬಟ್ಟೆಯ, ಹೊಸೆದ ಹಗ್ಗದ ಗೀರುಗಳು. ಮೂಟೆ ಕಟ್ಟಿ, ಹಗ್ಗದ ಗಂಟಿನ ಮೇಲೆ ಹಸಿಮಣ್ಣು ಮೆತ್ತಿ, ಅದರ ಮೇಲೆ ಮುದ್ರೆ ಒತ್ತಿದ್ದರು. ಗಂಟು ಬಿಚ್ಚಿದರೆ ಮಣ್ಣು ಒಡೆಯಲೇಬೇಕು. ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಮೂಟೆ ಸುಟ್ಟುಹೋಯಿತು, ಮಣ್ಣು ಬೆಂದು ಉಳಿಯಿತು. ನಾಲ್ಕು ಸಾವಿರ ವರ್ಷದ ಹಿಂದಿನ ಆ ಮೂಟೆಗಳಲ್ಲಿ ಏನಿತ್ತು ಎಂದು ಯಾರೂ ಹೇಳಲಾರರು. ಯಾವ ಹಗ್ಗದಲ್ಲಿ ಕಟ್ಟಿದ್ದರು ಎಂದು ಹೇಳಬಹುದು. ಮುದ್ರೆ ಕಾಯುವುದು ಕಟ್ಟನ್ನು, ಒಳಗಿನ ಮಾಲನ್ನಲ್ಲ. ಈ ಮಾತು ಮುಂದೆಯೂ ಬೇಕಾಗುತ್ತದೆ.

ಅದೇ ಯುಕ್ತಿ ನಮ್ಮ ತಾಮ್ರಶಾಸನಗಳಲ್ಲಿದೆ. ದಾನ ಕೊಟ್ಟ ಊರಿನ ಎಲ್ಲೆ ಬರೆದ ತಾಮ್ರದ ಹಲಗೆಗಳಿಗೆ ತೂತು ಮಾಡಿ, ಬಳೆಯಂಥ ಉಂಗುರದಲ್ಲಿ ಪೋಣಿಸಿ, ಉಂಗುರದ ಎರಡು ತುದಿಗಳನ್ನು ರಾಜಮುದ್ರೆಯ ಬಿಲ್ಲೆಗೆ ಬೆಸೆಯುತ್ತಿದ್ದರು. ಗಂಗರದ್ದಾದರೆ ಆನೆ, ಬಾದಾಮಿ ಚಾಲುಕ್ಯರದ್ದಾದರೆ ವರಾಹ, ರಾಷ್ಟ್ರಕೂಟರದ್ದಾದರೆ ಗರುಡ. ನಡುವೆ ಒಂದು ಹಲಗೆ ಸೇರಿಸಿ ನಾಲ್ಕು ಹೊಲ ಹೆಚ್ಚಿಸಿಕೊಳ್ಳಬೇಕೆಂದರೆ ಉಂಗುರ ಕತ್ತರಿಸಲೇಬೇಕು. ಅದಕ್ಕೇ ಎಪಿಗ್ರಾಫಿಯಾ ಇಂಡಿಕಾದಂಥ ಸಂಪುಟಗಳಲ್ಲಿ ತಾಮ್ರಶಾಸನ ಪ್ರಕಟಿಸುವ ವಿದ್ವಾಂಸರು ಪಾಠಕ್ಕೆ ಹೋಗುವ ಮೊದಲೇ, ತಮ್ಮ ಕೈಗೆ ಬಂದಾಗ ಉಂಗುರ ಕತ್ತರಿಸಿತ್ತೋ ಇಲ್ಲವೋ ಎಂದು ದಾಖಲಿಸುತ್ತಾರೆ. ಬಂದರಿನ ಗೇಟಿನಲ್ಲಿ ನಿಂತವರು ಮಾಡುವ ಮೊದಲ ಕೆಲಸವೂ ಇದೇ.

ಇನ್ನು ಸುಂಕದ ಕಟ್ಟೆಗೆ ಬರೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ, ಎಂದರೆ ಸುಂಕದ ಮುಖ್ಯಾಧಿಕಾರಿಯ, ಪ್ರಕರಣವೊಂದಿದೆ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ, ಕನಿಷ್ಠ ಸಾವಿರದ ಏಳುನೂರು ವರ್ಷ ಹಳೆಯದು ಎಂಬುದರಲ್ಲಿ ಇಲ್ಲ. ಊರಿನ ಹೆಬ್ಬಾಗಿಲ ಹತ್ತಿರ ಬಾವುಟ ಕಟ್ಟಿದ ಸುಂಕದ ಮನೆ. ಅಲ್ಲಿ ನಾಲ್ಕೈದು ಮಂದಿ ಕೂತು ಬರೆದುಕೊಳ್ಳುವುದು ನಾಲ್ಕು ಸಂಗತಿ: ವರ್ತಕರು ಯಾರು, ಎಲ್ಲಿಂದ ಬಂದರು, ಮಾಲು ಎಷ್ಟು, ಮೊದಲ ಗುರುತಿನ ಮುದ್ರೆ ಬಿದ್ದದ್ದು ಎಲ್ಲಿ. ಮುದ್ರೆಯಿಲ್ಲದ ಮಾಲಿಗೆ ಎರಡರಷ್ಟು ಸುಂಕ. ಖೋಟಾ ಮುದ್ರೆಗೆ ಎಂಟರಷ್ಟು. ಒಡೆದ ಮುದ್ರೆಯೊಂದಿಗೆ ಬಂದವನನ್ನು ತಡೆದು ನಿಲ್ಲಿಸಬೇಕು. ಗಡಿಯಲ್ಲಿ ಕೂತ ಅಂತಪಾಲ ಹೊರನಾಡಿನ ಸರಕನ್ನು ನೋಡಿ, ಮುದ್ರೆ ಒತ್ತಿ, ಒಳನಾಡಿನ ಶುಲ್ಕಾಧ್ಯಕ್ಷನ ಬಳಿಗೆ ಕಳಿಸಬೇಕು. ನೋಡುವ ಜಾಗ ಒಂದು, ಸುಂಕ ಕಟ್ಟುವ ಜಾಗ ಇನ್ನೊಂದು; ನಡುವಿನ ದಾರಿಗೆ ಮುದ್ರೆಯೇ ಸಾಕ್ಷಿ. ಇಂದು ಚೆನ್ನೈ ಬಂದರಿನಲ್ಲಿ ಇಳಿದ ಕಂಟೈನರ್ ಅಲ್ಲಿ ತೆರೆಯದೆ ಮುದ್ರೆ ಸಮೇತ ರೈಲು ಹತ್ತಿ ಬೆಂಗಳೂರಿನ ವೈಟ್‌ಫೀಲ್ಡ್ ಡಿಪೊಗೆ ಬಂದ ಮೇಲೆ ಅದರ ಸುಂಕ ಕಟ್ಟುವುದೂ ಇದೇ ಏರ್ಪಾಡು.

ಆ ಪ್ರಕರಣದಲ್ಲಿ ನನಗೆ ಬಲು ಮುಖ್ಯವಾಗಿ ಕಾಣುವ ಸಂಗತಿ ಇನ್ನೊಂದಿದೆ. ವರ್ತಕನ ವೇಷದ ಗೂಢಚಾರನೊಬ್ಬ ಸಾರ್ಥದಲ್ಲಿ, ಎಂದರೆ ವರ್ತಕರ ತಂಡದಲ್ಲಿ, ಸೇರಿಕೊಂಡು, ಯಾವ ಮಾಲು ಎಷ್ಟು ಬರುತ್ತಿದೆ ಎಂದು ರಾಜನಿಗೆ ಮುಂಚೆಯೇ ತಿಳಿಸಬೇಕು. ರಾಜ ಅದನ್ನು ಶುಲ್ಕಾಧ್ಯಕ್ಷನಿಗೆ ತಿಳಿಸಬೇಕು. ಸಾರ್ಥ ಬಂದು ನಿಂತಾಗ ಅಧಿಕಾರಿಗೆ ಆಗಲೇ ಗೊತ್ತಿರುತ್ತದೆ. ಮಾಲು ಬರುವ ಮೊದಲು ಮಾಹಿತಿ ಬರಬೇಕು ಎಂಬ ಈ ವಿವೇಕಕ್ಕೆ ಆಧುನಿಕ ಬಂದರುಗಳು ಮರಳಿದ್ದು ಅಮೆರಿಕದ ಮೇಲೆ ನಡೆದ 2001ರ ಸೆಪ್ಟೆಂಬರ್ ದಾಳಿಯ ನಂತರ. ಅಮೆರಿಕಕ್ಕೆ ಹೊರಟ ಕಂಟೈನರಿನಲ್ಲಿ ಏನಿದೆ ಎಂಬ ಪಟ್ಟಿ, ಹೊರನಾಡಿನ ಬಂದರಿನಲ್ಲಿ ಹಡಗಿಗೆ ಏರಿಸುವುದಕ್ಕೆ 24 ಗಂಟೆ ಮೊದಲೇ ತಮಗೆ ತಲುಪಬೇಕೆಂದು ಅಲ್ಲಿನ ಕಸ್ಟಮ್ಸ್ 2002ರ ಕೊನೆಯಲ್ಲಿ ನಿಯಮ ಮಾಡಿತು. 2005ರಲ್ಲಿ ವಿಶ್ವ ಕಸ್ಟಮ್ಸ್ ಸಂಘಟನೆ ಇದೇ ತತ್ತ್ವವನ್ನು ಎಲ್ಲ ದೇಶಗಳಿಗೂ ಚೌಕಟ್ಟು ಮಾಡಿ ಕೊಟ್ಟಿತು. ಭಾರತದ ಕಸ್ಟಮ್ಸಿನಲ್ಲಿಯೂ ಅದೇ ವರ್ಷದಿಂದ ಯಾವ ಸರಕು ನೋಡಬೇಕು, ಯಾವುದು ಬೇಡ ಎಂದು ಆಯುವ ಕಂಪ್ಯೂಟರ್ ವ್ಯವಸ್ಥೆ ಶುರುವಾಯಿತು.

ಮತ್ತೆ ಪದಕ್ಕೆ ಬರೋಣ. ಕೌಟಿಲ್ಯನಲ್ಲಿಯೇ ಮುದ್ರೆ ಎಂದರೆ ರಹದಾರಿ ಪತ್ರವೂ ಹೌದು. ಮುದ್ರಾಧ್ಯಕ್ಷ ಮಾಷವೆಂಬ ಒಂದು ನಾಣ್ಯಕ್ಕೆ ಒಂದರಂತೆ ಅದನ್ನು ಕೊಡುತ್ತಾನೆ. ಅಲ್ಲಿಂದ ಮುಂದೆ ಪದ ಎಲ್ಲೆಲ್ಲಿಗೆ ಹರಿಯಿತು! ಹನುಮಂತ ಸೀತೆಗೆ ತೋರಿದ್ದು ಮುದ್ರೆಯುಂಗುರ. ಹಠಯೋಗದಲ್ಲಿ ಪ್ರಾಣವನ್ನು ಒಳಗೇ ಕಟ್ಟಿ ನಿಲ್ಲಿಸುವುದು ಮುದ್ರೆ. ಮಾಧ್ವರು, ಶ್ರೀವೈಷ್ಣವರು ಕಾಸಿದ ಶಂಖಚಕ್ರಗಳನ್ನು ತೋಳಿಗೆ ಒತ್ತಿಸಿಕೊಳ್ಳುವುದು ಮುದ್ರಾಧಾರಣೆ. ವಚನದ ಕೊನೆಗೆ ಬರುವ ಇಷ್ಟದೈವದ ಹೆಸರೂ ಮುದ್ರಿಕೆಯೇ, ಇದು ಯಾರ ಮಾತು ಎಂದು ಹೇಳುವ ಗುರುತು. ಅಚ್ಚುಕೂಟ ಬಂದಾಗ ಆ ಕೆಲಸಕ್ಕೆ ಮುದ್ರಣ ಎಂಬ ಹೆಸರು ಸಿದ್ಧವಾಗಿತ್ತು. ಪುರಸಭೆಯವರು ಅಂಗಡಿ ಮುಚ್ಚಿಸಿದರೆ ಪತ್ರಿಕೆಯಲ್ಲಿ ಬೀಗಮುದ್ರೆ. 1823ರಲ್ಲಿ ಕೆಂಪುನಾರಾಯಣ ವಿಶಾಖದತ್ತನ ಮುದ್ರಾರಾಕ್ಷಸದ ಕಥೆಯನ್ನು ಕನ್ನಡ ಗದ್ಯದಲ್ಲಿ ಹೇಳಿ ‘ಮುದ್ರಾಮಂಜೂಷ’ ಎಂದು ಹೆಸರಿಟ್ಟ. ಮಂಜೂಷ ಎಂದರೆ ಪೆಟ್ಟಿಗೆ. ಆ ಕಥೆಯ ತಿರುವು ನಿಂತಿರುವುದು ರಾಕ್ಷಸನೆಂಬ ಮಂತ್ರಿಯ ಮುದ್ರೆಯುಂಗುರ ಶತ್ರುವಿನ ಕೈಗೆ ಸಿಕ್ಕಿದ್ದರ ಮೇಲೆ. ಮುದ್ರೆ ಸಾಚಾ, ಒತ್ತಿದ ಕೈ ಬೇರೆ. ಮುದ್ರೆಯನ್ನು ನಂಬುವ ಯಾವ ವ್ಯವಸ್ಥೆಗಾದರೂ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಹಾಗೆಂದು ನಂಬುವುದನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಭಾಷೆಯೇ ಸಾಕ್ಷಿ. ಕನ್ನಡ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ಹೆಜ್ಜುಂಕ ಎಂದೂ ಚಿಲ್ಲರೆ ಸುಂಕಗಳಿಗೆ ಕಿರುಕುಳ ಎಂದೂ ಹೆಸರು ಬರುತ್ತದೆ. ಆ ಎರಡನೆಯ ಪದ ಇಂದು ಯಾವ ಅರ್ಥದಲ್ಲಿ ಬಳಕೆಯಲ್ಲಿದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯೂ ಅಂಥ ಕಟ್ಟೆಗಳಲ್ಲೇ ಹುಟ್ಟಿರಬೇಕು. ಹೆಜ್ಜೆಹೆಜ್ಜೆಗೂ ಮೂಟೆ ಬಿಚ್ಚಿಸುವ ವ್ಯವಸ್ಥೆ ಬೊಕ್ಕಸಕ್ಕಿಂತ ಹೆಚ್ಚಾಗಿ ಜನರ ಸಹನೆಯನ್ನು ಕೊಳ್ಳೆ ಹೊಡೆಯುತ್ತದೆ.

ಮುಂದೆ ಮಣ್ಣಿನ ಜಾಗಕ್ಕೆ ಅರಗು ಬಂತು, ಆಮೇಲೆ ತಂತಿಗೆ ಪೋಣಿಸಿ ಇಕ್ಕಳದಿಂದ ಒತ್ತುವ ಸೀಸದ ಬಿಲ್ಲೆ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಮಾಲೀಕ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆ ಕಳಿಸಿದ ಮೇಲೆ ಮುದ್ರೆಯ ಜವಾಬ್ದಾರಿಯೇ ಬದಲಾಯಿತು. ಅದಕ್ಕೆ ಮುಂಚೆ ಹಡಗಿನ ಸರಕು ಮೂಟೆಮೂಟೆಯಾಗಿ ಹತ್ತಾರು ಜನರ ಹೆಗಲ ಮೇಲೆ, ಕಣ್ಣ ಮುಂದೆ ಹಾದುಹೋಗುತ್ತಿತ್ತು. ಕಂಟೈನರ್ ಬಂದ ಮೇಲೆ ಕಾರ್ಖಾನೆಯಲ್ಲಿ ಮುಚ್ಚಿದ ಬಾಗಿಲು ಬೇರೊಂದು ಖಂಡದ ಗೋದಾಮಿನಲ್ಲಿ ತೆರೆಯುತ್ತದೆ. ನಡುವಿನ ಅಷ್ಟೂ ದಿನ ಒಳಗಿನ ಮಾಲನ್ನು ಯಾರೂ ಕಂಡಿರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಎಕ್ಸ್‌ರೇಯಲ್ಲಿ ನೋಡಿಬಿಡೋಣ ಎಂದು 2007ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು: 2012ರ ಜುಲೈ ನಂತರ ಹೊರಬಂದರಿನಲ್ಲಿ ಸ್ಕ್ಯಾನ್ ಆಗದ ಒಂದು ಕಂಟೈನರೂ ದೇಶದೊಳಗೆ ಬರಕೂಡದು. ಪಾಕಿಸ್ತಾನದ ಕಾಸಿಂ, ಹೊಂಡುರಾಸ್‌ನ ಪುವೆರ್ತೊ ಕೊರ್ತೆಸ್, ಇಂಗ್ಲೆಂಡಿನ ಸೌತಾಂಪ್ಟನ್ ಬಂದರುಗಳಲ್ಲಿ ಪ್ರಯೋಗವೂ ನಡೆಯಿತು. ಸಣ್ಣ ಬಂದರುಗಳಲ್ಲಿ ನಡೆದದ್ದು ದೊಡ್ಡವಕ್ಕೆ ಹೊಂದಲಿಲ್ಲ. ಲಾರಿಯಲ್ಲಿ ಗೇಟಿನಿಂದ ಬರುವ ಕಂಟೈನರನ್ನು ಗೇಟಿನಲ್ಲೇ ಯಂತ್ರದೊಳಗೆ ಹಾಯಿಸಬಹುದು. ಒಂದು ಹಡಗಿನಿಂದ ಇಳಿದು ಕೆಲವೇ ಗಂಟೆಯಲ್ಲಿ ಇನ್ನೊಂದು ಹಡಗು ಹತ್ತುವ ಕಂಟೈನರಿಗೆ ಗೇಟೇ ಇಲ್ಲ. ಸಿಂಗಪುರದಂಥ ಬಂದರಿನ ವ್ಯಾಪಾರದ ಬಹುಪಾಲು ಇಂಥದ್ದು. ತೆಗೆದ ಚಿತ್ರಗಳನ್ನೆಲ್ಲ ಕೂತು ನೋಡುವ ಪಳಗಿದ ಕಣ್ಣುಗಳೂ ಅಷ್ಟಿಲ್ಲ. ಗಡುವು ಬಂದಾಗ ಎರಡು ವರ್ಷ ಮುಂದೂಡಿದರು, ಮತ್ತೆ ಎರಡು ವರ್ಷ, ಮತ್ತೆ ಮತ್ತೆ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಉಕ್ಕಿನ ಗೋಡೆಯನ್ನು ದಾಟಿ ನೋಡುವ ಸ್ಕ್ಯಾನರು ಒಂದು ದಿನದ ಕೂಲಿಕೆಲಸವನ್ನು ಕೆಲವು ನಿಮಿಷಕ್ಕೆ ಇಳಿಸಿದೆ. ಎರಡು ಬಗೆಯ ಶಕ್ತಿಯ ಕಿರಣ ಹಾಯಿಸಿ ಇದು ಲೋಹ, ಇದು ಸಾವಯವ ವಸ್ತು ಎಂದು ಬಣ್ಣ ಬೇರ್ಪಡಿಸಿ ತೋರಿಸುವ ಯಂತ್ರಗಳಿವೆ. ಕಾಫಿ ಎಂದು ಬರೆದ ಕಡೆ ಉಕ್ಕಿನ ನೆರಳು ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಆದರೆ ಯಂತ್ರ ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ಕಾಗದ ಬೇಕು. ವಿಕಿರಣ ಪತ್ತೆಹಚ್ಚುವ ಕಮಾನಿನ ಕೆಳಗೆ ಗ್ರಾನೈಟ್ ಹಲಗೆ ತುಂಬಿದ ಕಂಟೈನರ್ ಹಾದುಹೋದರೆ ಗಂಟೆ ಬಾರಿಸುವುದುಂಟು. ಕಲ್ಲಿನೊಳಗೆ ಹುಟ್ಟಿನಿಂದಲೇ ಇರುವ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂಗಳ ಅಲ್ಪಾಂಶ ಅದಕ್ಕೆ ಕಾರಣ. ಪಿಂಗಾಣಿಗೂ, ಬಾಳೆಹಣ್ಣಿಗೂ ಹೀಗಾಗುತ್ತದೆ. ಒಳಗಿರುವುದು ಗ್ರಾನೈಟ್ ಎಂದು ನಂಬಬಹುದಾದ ಪಟ್ಟಿ ಮೊದಲೇ ಕೈಯಲ್ಲಿದ್ದರೆ ಅಧಿಕಾರಿ ಐದು ನಿಮಿಷದಲ್ಲಿ ಬಿಡಬಲ್ಲ. ಇಲ್ಲದಿದ್ದರೆ ಇಡೀ ಸಾಲು ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಮುದ್ರೆಯ ಬಾಳಿನ ಈಚಿನ ತಿರುವು 2017ರದ್ದು. ಅದುವರೆಗೆ ಕಾರ್ಖಾನೆಯಲ್ಲೇ ತುಂಬುವ ರಫ್ತು ಕಂಟೈನರಿಗೆ ಅಬಕಾರಿ ಅಧಿಕಾರಿ ಬಂದು ನಿಂತು ಮುದ್ರೆ ಹಾಕಿಸುವ ಪದ್ಧತಿಯಿತ್ತು. ಆತ ಬರುವ ತನಕ ಲಾರಿ ಕಾಯಬೇಕು. ಜಿಎಸ್‌ಟಿ ಬಂದ ಹೊತ್ತಿಗೆ ಆ ಪದ್ಧತಿ ಬಿಟ್ಟು, ಅನುಮತಿ ಪಡೆದ ರಫ್ತುದಾರ ತಾನೇ ಮುದ್ರೆ ಹಾಕಬಹುದು, ಆದರೆ ಅದು ರೇಡಿಯೊ ಅಲೆಯಿಂದ ಓದಬಹುದಾದ ವಿದ್ಯುನ್ಮಾನ ಮುದ್ರೆಯಾಗಿರಬೇಕು ಎಂದರು. ಬೋಲ್ಟ್ ಅದೇ, ತಲೆಯೊಳಗೆ ಒಂದು ಚಿಪ್. ರಫ್ತುದಾರ ಮುದ್ರೆಯ ಸಂಖ್ಯೆ, ಶಿಪ್ಪಿಂಗ್ ಬಿಲ್, ಹಾಕಿದ ದಿನ, ಹೊತ್ತು ಇವನ್ನು ಕಳಿಸಿರುತ್ತಾನೆ. ಬಂದರಿನಲ್ಲಿ ಅಂಗೈಯಗಲದ ರೀಡರ್ ಹಿಡಿದರೆ ಅದೇ ವಿವರ ಮೂಡುತ್ತದೆ. ಕತ್ತರಿಸಿದ್ದರೆ ಚಿಪ್ ಸತ್ತಿರುತ್ತದೆ, ಆ ಕಂಟೈನರ್ ತಪಾಸಣೆಗೆ ಹೋಗುತ್ತದೆ. ಅಂತಪಾಲನ ಕೈಲಿದ್ದ ಅಚ್ಚನ್ನು ಸರ್ಕಾರ ವರ್ತಕನ ಕೈಗೇ ಕೊಟ್ಟಂತಾಯಿತು. ಇದು ಒಳ್ಳೆಯ ತೀರ್ಮಾನ ಎಂದು ನಾನು ನಂಬುತ್ತೇನೆ. ಕಾಯಿಸುವುದನ್ನೇ ಕಾವಲು ಎಂದು ತಿಳಿದ ಕಾಲ ಅಲ್ಲಿಗೆ ಮುಗಿಯಿತು.

ಈಗ ಲೋಥಲ್‌ನ ಮಣ್ಣು ಹೇಳಿದ ಮಾತಿಗೆ ಬರಬೇಕು. ಮುದ್ರೆ ಕಾಯುವುದು ಕಟ್ಟನ್ನು. ಕಂಟೈನರಿನ ಬಾಗಿಲ ಕೊಂಡಿಯನ್ನೋ ಹಿಡಿಯನ್ನೋ ಕೂಡಿಸಿರುವ ರಿವೆಟ್ ಕೊರೆದು ತೆಗೆದರೆ ಮುದ್ರೆಗೆ ಒಂದು ಗೀರೂ ಬೀಳದಂತೆ ಬಾಗಿಲು ತೆರೆಯಬಹುದು. ಆಮೇಲೆ ಹೊಸ ರಿವೆಟ್ ಹೊಡೆದು ಬಣ್ಣ ಬಳಿಯುತ್ತಾರೆ. ಆಂಟ್‌ವರ್ಪ್, ರೋಟರ್‌ಡ್ಯಾಮ್ ಬಂದರುಗಳಿಗೆ ಕೊಕೇನ್ ಸಾಗಿಸುವವರ ಹಳೆಯ ದಾರಿ ಇನ್ನೊಂದು: ದಕ್ಷಿಣ ಅಮೆರಿಕದಲ್ಲಿ ಹಣ್ಣಿನ ಕಂಟೈನರಿನ ಮುದ್ರೆ ಕತ್ತರಿಸಿ, ಬಾಗಿಲ ಬಳಿಯೇ ಚೀಲಗಳನ್ನು ಎಸೆದು, ಅದೇ ಸಂಖ್ಯೆಯ ಖೋಟಾ ಮುದ್ರೆ ಹಾಕುವುದು. ಹಣ್ಣಿನ ವ್ಯಾಪಾರಿಗೆ ಏನೂ ತಿಳಿದಿರುವುದಿಲ್ಲ.

ಅದಕ್ಕೆ ಮುದ್ರೆ ನೋಡುವವರಿಗೆ ನಾಲ್ಕು ಹೆಜ್ಜೆಯ ಅಭ್ಯಾಸ ಮಾಡಿಸುತ್ತಾರೆ. ಮೊದಲು ಮುದ್ರೆಯನ್ನೂ ಅದು ಕೂತ ಕೊಂಡಿ, ರಿವೆಟ್‌ಗಳನ್ನೂ ಕಣ್ಣಿಟ್ಟು ನೋಡಬೇಕು: ಬಣ್ಣ ಹೊಸದೇ, ತಲೆ ಸವೆದಿದೆಯೇ? ಆಮೇಲೆ ಸಂಖ್ಯೆಯನ್ನು ಕಾಗದದ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ಮೂರನೆಯದು ಕೈಯಿಂದ ಜಗ್ಗಿ ಎಳೆಯುವುದು. ನಾಲ್ಕನೆಯದು ತಿರುಚುವುದು, ಒಳಗೆ ತಿರುಪಿನ ಎಳೆ ಕೊಯ್ದು ಜೋಡಿಸಿದ ಬೋಲ್ಟಾದರೆ ಬಿಚ್ಚಿಕೊಂಡು ಬರುತ್ತದೆ. ಒಟ್ಟು ಒಂದು ನಿಮಿಷದ ಕೆಲಸ. ರೀಡರ್ ಬಂದ ಮೇಲೆ ಹಸಿರು ದೀಪ ಹತ್ತಿದರೆ ಸಾಕು ಎಂಬ ಸಡಿಲು ಬಂದುಬಿಟ್ಟರೆ ಈ ನಿಮಿಷವೇ ಮೊದಲು ಹೋಗುತ್ತದೆ. ಚಿಪ್ ಹೇಳುವುದು ಮುದ್ರೆ ಜೀವಂತವಾಗಿದೆ ಎಂದಷ್ಟೇ. ರಿವೆಟ್ಟಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಖಾಲಿ ಕಂಟೈನರ್ ಬಂದಾಗ ತುಂಬುವ ಮೊದಲೇ ಒಳಗಿನ ಉದ್ದವನ್ನು ಟೇಪ್ ಹಿಡಿದು ಅಳೆಯುವುದೂ ಇಂಥದೇ ಕೆಲಸ. ಇಪ್ಪತ್ತು ಅಡಿಯದು ಒಳಗೆ ಸುಮಾರು 5.9 ಮೀಟರ್ ಇರಬೇಕು. ಒಂದಡಿ ಕಡಿಮೆ ಬಂದರೆ ಎದುರಿನ ಗೋಡೆ ನಿಜವಾದ ಗೋಡೆಯಲ್ಲ.

ಬಂದರಿನಲ್ಲಿ ಉಳಿಸುವ ಪ್ರತಿ ಗಂಟೆಯೂ ನಿಂತಿರುವುದು ಮುದ್ರೆ ಬಿದ್ದ ಜಾಗದ ಶಿಸ್ತಿನ ಮೇಲೆ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಾಗಲಿ ಪೀಣ್ಯದ ಕಾರ್ಖಾನೆಯಲ್ಲಾಗಲಿ ಬಾಟಲ್ ಸೀಲುಗಳ ಡಬ್ಬಿ ಯಾರ ಮೇಜಿನ ಮೇಲೆ ತೆರೆದು ಬಿದ್ದಿದೆ, ಯಾವ ಸಂಖ್ಯೆ ಯಾವ ಲಾರಿಗೆ ಹೋಯಿತೆಂದು ಬರೆದಿಡುವವರು ಯಾರು, ಒತ್ತುವಾಗ ಪಕ್ಕದಲ್ಲಿ ನಿಂತವರು ಯಾರು ಎಂಬುದಕ್ಕೆ ಅಲ್ಲಿ ಉತ್ತರ ಇರಬೇಕು. ಸೀಲುಗಳನ್ನು ಬೀಗ ಹಾಕಿದ ಬೀರುವಿನಲ್ಲಿಟ್ಟು, ಒಬ್ಬರ ಹೆಸರಿನಲ್ಲಿ ಪುಸ್ತಕ ಬರೆದು, ತುಂಬಿದ ಮಾಲಿನ ಚಿತ್ರವನ್ನೂ ಮುಚ್ಚಿದ ಬಾಗಿಲಿನ ಚಿತ್ರವನ್ನೂ ಶಿಪ್ಪಿಂಗ್ ಬಿಲ್ಲಿನ ಜೊತೆ ಇಡುವ ಕಾರ್ಖಾನೆಯ ಕಂಟೈನರಿಗೆ ಗೇಟಿನಲ್ಲಿ ಒಂದು ನಿಮಿಷ ಸಾಕು. ಅಲ್ಲಿ ಉಳಿದ ಹೊತ್ತನ್ನು ಅನುಮಾನ ಹುಟ್ಟಿಸುವ ಕೆಲವನ್ನು ಪೂರ್ತಿ ಇಳಿಸಿ, ತಳದ ತನಕ ನೋಡಲು ಕೊಡಬಹುದು.